ಬೀಗ ಬದಲಾಗುತ್ತಿದೆ, ಅಂಗಡಿಯವರಿಗೆ ಹೇಳಿದವರು ಯಾರು?

ನಮ್ಮ ಚಿಕ್ಕಮ್ಮ ಚಟ್ನಿಪುಡಿ, ಹಪ್ಪಳ, ಸಂಡಿಗೆ ಮಾಡಿ ಸ್ವಂತ ವೆಬ್‌ಸೈಟಿನಲ್ಲಿ ಮಾರ್ತಾರೆ. ಒಂದು ಶನಿವಾರ ಆರ್ಡರೇ ಬರಲಿಲ್ಲ. ಸಂಜೆ ಗಿರಾಕಿಯೊಬ್ಬರು ಫೋನ್ ಮಾಡಿ, 'ನಿಮ್ಮ ಸೈಟ್ ಸುರಕ್ಷಿತ ಅಲ್ಲ ಅಂತ ತೋರಿಸ್ತಿದೆ, ದುಡ್ಡು ಹಾಕೋಕೆ ಭಯ' ಅಂದರು. ಎಚ್ಚರಿಕೆ ಲೆಕ್ಕಿಸದೆ ಮುಂದುವರಿದ ಇನ್ನೊಬ್ಬರ ಹಣ ಕಡಿತವಾಗಿತ್ತು, ಆರ್ಡರ್ ಮಾತ್ರ ದಾಖಲಾಗಿರಲಿಲ್ಲ.

ಇದು ಹ್ಯಾಕರ್‌ಗಳ ಕೆಲಸ ಆಗಿರಲಿಲ್ಲ. ಸೈಟಿನ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಅಷ್ಟೇ. ಎಚ್ಚರಿಸುವ ಮೇಲ್‌ಗಳೆಲ್ಲ ಸೈಟ್ ಮಾಡಿಕೊಟ್ಟು ಬೇರೆ ಕೆಲಸಕ್ಕೆ ಹೋದ ಹುಡುಗನ ಇನ್‌ಬಾಕ್ಸಿನಲ್ಲಿದ್ದವು.

ಈ ಪ್ರಮಾಣಪತ್ರ ಅಂದರೆ ಸೈಟಿನ ಗುರುತಿನ ಚೀಟಿ. ಗಿರಾಕಿಯ ಬ್ರೌಸರ್ ಅದನ್ನು ನೋಡುತ್ತದೆ. 'ಹಣ ಬಂತು' ಎಂದು ಅಂಗಡಿಯ ಸರ್ವರ್‌ಗೆ ತಿಳಿಸುವ ಪೇಮೆಂಟ್ ಗೇಟ್‌ವೇ ಕೂಡ ನೋಡುತ್ತದೆ. ಚೀಟಿ ಸರಿಯಿಲ್ಲ ಅಂದರೆ ಎರಡೂ ಮಾತು ನಿಲ್ಲಿಸುತ್ತವೆ. ಕೌಂಟರಿನ ಕ್ಯೂಆರ್ ಕೋಡಿಗೆ ಈ ತಲೆನೋವಿಲ್ಲ. ಅಲ್ಲಿ ಹೊಣೆ ಆ್ಯಪ್ ಮತ್ತು ಬ್ಯಾಂಕಿನದು. ಸ್ವಂತ ಸೈಟ್ ಇಟ್ಟವರಿಗೆ ಮಾತ್ರ ಇದು ಸ್ವಂತ ಹೊಣೆ.

ಆ ಹೊಣೆ ಈಗ ಭಾರವಾಗುತ್ತಿದೆ. 2020ರಿಂದ ಪ್ರಮಾಣಪತ್ರದ ಗರಿಷ್ಠ ಆಯಸ್ಸು 398 ದಿನ ಇತ್ತು. 2025ರ ಏಪ್ರಿಲ್‌ನಲ್ಲಿ ಸಿಎ/ಬ್ರೌಸರ್ ಫೋರಂ ಅದನ್ನು ಹಂತಹಂತವಾಗಿ ಇಳಿಸಲು ನಿರ್ಧರಿಸಿತು: 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100, 2029ರಲ್ಲಿ 47. ಕಾರಣ ಸರಿಯಾಗಿಯೇ ಇದೆ. ಕೀಲಿ ಕಳುವಾದರೂ ಅದರ ಆಯಸ್ಸು ಕಡಿಮೆ ಇದ್ದರೆ ಹಾನಿಯೂ ಕಡಿಮೆ. ಆದರೆ ಅಲ್ಲಿ ಮತ ಹಾಕಿದವರು ಬ್ರೌಸರ್ ಕಂಪನಿಗಳು ಮತ್ತು ಪ್ರಮಾಣಪತ್ರ ಕೊಡುವ ಸಂಸ್ಥೆಗಳು. ಹಪ್ಪಳ ಮಾರುವವರಿಗೆ ಆ ಮೇಜಿನಲ್ಲಿ ಕುರ್ಚಿಯೇ ಇಲ್ಲ.

ಅವಧಿಯೊಂದೇ ಸಮಸ್ಯೆಯೂ ಅಲ್ಲ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿಯಿತು. ಅಂಗಡಿಯವರ ಪ್ರಮಾಣಪತ್ರ ಸರಿಯಾಗಿದ್ದರೂ, ಅಪ್‌ಡೇಟ್ ಆಗದ ಹಳೆಯ ಸಾಧನಗಳು, ಸರ್ವರ್‌ಗಳು ಅದನ್ನು ನಂಬಲು ನಿರಾಕರಿಸಿದವು. ಹೊಂದಾಣಿಕೆ ಅಂದರೆ ಇದೇ: ಎರಡೂ ಕಡೆ ಹೊಸತಾಗಿರಬೇಕು.

ನಿಮ್ಮ ಮನೆಯವರದೋ ಗೆಳೆಯರದೋ ಇಂಥ ವ್ಯಾಪಾರ ಇದ್ದರೆ ಈ ವಾರ ಅರ್ಧ ಗಂಟೆ ಕೊಡಿ. ಪ್ರಮಾಣಪತ್ರ ತಾನಾಗಿ ನವೀಕರಣ ಆಗುತ್ತದೆಯೇ? ಮಧ್ಯಂತರ ಪ್ರಮಾಣಪತ್ರವೂ ಸೇರಿ ಪೂರ್ತಿ ಸರಪಳಿ ಇದೆಯೇ? ಸರ್ವರ್ ಟಿಎಲ್‌ಎಸ್ 1.2 ಅಥವಾ 1.3 ಬಳಸುತ್ತಿದೆಯೇ? ಗೇಟ್‌ವೇ ಕಳಿಸುವ ಸೂಚನೆ ಯಾರ ಮೇಲ್‌ಗೆ ಹೋಗುತ್ತಿದೆ? ಕೊನೆಗೆ ಹಳೆಯ ಫೋನೊಂದರಿಂದ ಒಂದು ರೂಪಾಯಿ ಪಾವತಿ ಮಾಡಿ ನೋಡಿ.

ಆದರೆ ಮನೆಮನೆಯಲ್ಲೊಬ್ಬ ಎಂಜಿನಿಯರ್ ಇದ್ದಾನೆ ಅಂದುಕೊಂಡು ವ್ಯವಸ್ಥೆ ಕಟ್ಟುವುದು ನ್ಯಾಯವಲ್ಲ. ಪ್ರತಿ ವಹಿವಾಟಿನಲ್ಲೂ ಶುಲ್ಕ ಹಿಡಿದುಕೊಳ್ಳುವ ಗೇಟ್‌ವೇಗಳು ವ್ಯಾಪಾರಿಯ ಸೈಟನ್ನು ತಾವೇ ಪರೀಕ್ಷಿಸಿ, ತಿಂಗಳ ಮೊದಲೇ ಕನ್ನಡದಲ್ಲಿ ಒಂದು ಎಸ್‌ಎಂಎಸ್ ಕಳಿಸಲಿ. ಡಿಜಿಟಲ್ ಆಗಿ ಎಂದು ಸಣ್ಣವರನ್ನು ಕರೆದ ಸರ್ಕಾರ ಅದನ್ನು ಕಡ್ಡಾಯ ಮಾಡಲಿ. ಬೀಗ ಬದಲಿಸುವವರಿಗೆ ಹೊಸ ಕೀಲಿ ಕೊಡುವ ಜವಾಬ್ದಾರಿಯೂ ಇರಬೇಕಲ್ಲವೇ?