ಪ್ರಶ್ನೆಯೂ ಒಂದು ತಪಸ್ಸು

ಕಚೇರಿಯ ಸಭೆ ಮುಗಿಯುವ ಹೊತ್ತಿಗೆ ‘ಯಾರಿಗಾದರೂ ಸಂದೇಹವಿದೆಯೇ?’ ಎಂದು ಮೇಲಧಿಕಾರಿ ಕೇಳುತ್ತಾರೆ. ಎಲ್ಲರೂ ಮೌನ. ಲೆಕ್ಕದಲ್ಲಿ ಎಲ್ಲಿಯೋ ತಪ್ಪಿದೆಯೆಂಬುದು ಕೊನೆಯಲ್ಲಿ ಕುಳಿತ ಕಿರಿಯ ನೌಕರನಿಗೆ ಗೊತ್ತು. ಆದರೂ ಆತ ಬಾಯಿ ತೆರೆಯುವುದಿಲ್ಲ. ಹಿಂದೊಮ್ಮೆ ಪ್ರಶ್ನೆ ಕೇಳಿ ಎಲ್ಲರೆದುರು ನಗೆಪಾಟಲಾದದ್ದು ಅವನಿಗಿನ್ನೂ ಮರೆತಿಲ್ಲ. ಈ ಮೌನವನ್ನು ನಾವು ಶಿಸ್ತೆಂದು ತಿಳಿಯುತ್ತೇವೆ. ವಾಸ್ತವದಲ್ಲಿ ಅದು ಭಯ. ಭಯವಿರುವಲ್ಲಿ ನಂಬಿಕೆ ಬೇರೂರದು. ನಂಬಿಕೆಯಿಲ್ಲದಲ್ಲಿ ಜಿಜ್ಞಾಸೆ ಚಿಗುರದು.

ತಪಸ್ಸೆಂದರೆ ಉಪವಾಸವೊಂದೇ ಎಂಬುದು ಸಾಮಾನ್ಯ ಭಾವನೆ. ಜೈನಾಚಾರ್ಯರು 6 ಬಾಹ್ಯ ತಪಗಳೊಡನೆ 6 ಆಭ್ಯಂತರ ತಪಗಳನ್ನೂ ಹೇಳಿದ್ದಾರೆ. ಅವುಗಳಲ್ಲೊಂದು ಸ್ವಾಧ್ಯಾಯ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಸ್ವಾಧ್ಯಾಯದ 5 ಬಗೆಗಳನ್ನು ಎಣಿಸುವಾಗ, ವಾಚನದ ನಂತರ ಎರಡನೆಯದಾಗಿ ಹೆಸರಿಸುವುದು ‘ಪೃಚ್ಛನೆ’ಯನ್ನು, ಅಂದರೆ ಪ್ರಶ್ನಿಸುವುದನ್ನು. ಸಂಶಯವನ್ನು ಕಳೆದುಕೊಳ್ಳಲು ಅಥವಾ ತಿಳಿದದ್ದನ್ನು ದೃಢಪಡಿಸಿಕೊಳ್ಳಲು ಕೇಳುವುದೇ ಪೃಚ್ಛನೆ ಎಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ತನ್ನ ಜಾಣತನವನ್ನು ಮೆರೆಯಲು ಅಥವಾ ಎದುರಿನವರನ್ನು ಕೆಣಕಲು ಕೇಳುವ ಪ್ರಶ್ನೆಗೆ ಇಲ್ಲಿ ಎಡೆಯಿಲ್ಲ.

ಸಮ್ಯಗ್ದರ್ಶನದ ಮೊದಲ ಅಂಗವೇ ನಿಃಶಂಕಿತವಾಗಿರುವಾಗ ಪ್ರಶ್ನಿಸುವುದು ಶ್ರದ್ಧೆಗೆ ವಿರುದ್ಧವಲ್ಲವೇ ಎಂದು ಕೆಲವರಿಗೆ ತೋರಬಹುದು. ಶಂಕೆಯೇ ಬೇರೆ, ಪ್ರಶ್ನೆಯೇ ಬೇರೆ. ಮನಸ್ಸಿನಲ್ಲಿ ಮುಚ್ಚಿಟ್ಟ ಶಂಕೆ ಒಳಗೊಳಗೇ ಕೊಳೆಯುತ್ತದೆ. ವಿನಯದಿಂದ ಹೊರಗಿಟ್ಟ ಪ್ರಶ್ನೆ ಆ ಶಂಕೆಯನ್ನೇ ಕರಗಿಸುತ್ತದೆ. ನಿಃಶಂಕಿತಕ್ಕೆ ಹೋಗುವ ದಾರಿ ಪೃಚ್ಛನೆಯ ಮೂಲಕವೇ ಸಾಗುತ್ತದೆ.

ಪ್ರಶ್ನಿಸುವವನಿಗೆ ವಿನಯ ಬೇಕು, ನಿಜ. ಆದರೆ ಹಿರಿಯ ಸ್ಥಾನದಲ್ಲಿರುವವನಿಗೆ ಅದು ಇನ್ನೂ ಹೆಚ್ಚು ಬೇಕು. ಶ್ವೇತಾಂಬರ ಪರಂಪರೆಯ ಉಪಾಸಕದಶಾ ಆಗಮದಲ್ಲಿ ಬರುವ ಪ್ರಸಂಗವೊಂದು ಇದಕ್ಕೆ ಉಜ್ಜ್ವಲ ನಿದರ್ಶನ. ಆನಂದನೆಂಬ ಶ್ರಾವಕ ವ್ರತನಿಷ್ಠನಾಗಿ ಬಾಳಿ, ಕೊನೆಗಾಲದಲ್ಲಿ ಆಹಾರತ್ಯಾಗ ಮಾಡಿ ಮಲಗಿದ್ದಾನೆ. ಭಗವಾನ್ ಮಹಾವೀರರ ಪ್ರಥಮ ಗಣಧರರಾದ ಇಂದ್ರಭೂತಿ ಗೌತಮರು ಅವನಲ್ಲಿಗೆ ಬರುತ್ತಾರೆ. ತನಗೆ ವಿಶಾಲವಾದ ಅವಧಿಜ್ಞಾನ ಉಂಟಾಗಿದೆಯೆಂದು ಆನಂದ ನಿವೇದಿಸುತ್ತಾನೆ. ಗೃಹಸ್ಥನಿಗೆ ಅಷ್ಟು ವಿಸ್ತಾರವಾದ ಜ್ಞಾನ ಸಾಧ್ಯವಿಲ್ಲ, ಹೀಗೆ ನುಡಿದದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎಂದು ಗೌತಮರು ಹೇಳುತ್ತಾರೆ. ಆನಂದ ಅಂಜುವುದಿಲ್ಲ, ಸಿಟ್ಟಾಗುವುದೂ ಇಲ್ಲ. ಸತ್ಯವನ್ನು ನುಡಿದವನಿಗೂ ಪ್ರಾಯಶ್ಚಿತ್ತವುಂಟೇ ಎಂದು ವಿನಯದಿಂದ ಪ್ರಶ್ನಿಸುತ್ತಾನೆ.

ಮುಂದೆ ಗೌತಮರು ನಡೆದುಕೊಂಡ ರೀತಿ ಇಂದಿನ ಪ್ರತಿಯೊಬ್ಬ ಮೇಲಧಿಕಾರಿಗೂ ಪಾಠವಾಗಬೇಕು. ತಮ್ಮ ಸ್ಥಾನದ ಬಲದಿಂದ ಅವರು ಆನಂದನ ಬಾಯಿ ಮುಚ್ಚಿಸಲಿಲ್ಲ. ತಮಗೇ ಉಂಟಾದ ಸಂದೇಹವನ್ನು ಹೊತ್ತು ಮಹಾವೀರರ ಬಳಿ ತೆರಳಿ, ತಪ್ಪು ಯಾರದೆಂದು ಕೇಳಿದರು. ಆನಂದನ ಮಾತೇ ನಿಜ, ಅವನಲ್ಲಿ ಕ್ಷಮೆ ಬೇಡು ಎಂದು ಭಗವಂತರು ಆದೇಶಿಸಿದಾಗ, ಸಂಘದ ಅಗ್ರಶಿಷ್ಯರು ಗೃಹಸ್ಥನೊಬ್ಬನ ಬಳಿಗೆ ಮರಳಿ ಹೋಗಿ ಕ್ಷಮೆ ಬೇಡಿದರು. ಇದರಿಂದ ಗೌತಮರ ಹಿರಿಮೆ ಕುಂದಲಿಲ್ಲ, ಇಮ್ಮಡಿಸಿತು.

ತಪ್ಪು ಕಿರಿಯರದ್ದೇ ಆದಾಗ ಏನು ಮಾಡಬೇಕು? ಅದಕ್ಕೆ ಸಮ್ಯಗ್ದರ್ಶನದ ಅಂಗಗಳಲ್ಲೇ ಉತ್ತರವಿದೆ. ಉಪಗೂಹನ ಎಂದರೆ ಇನ್ನೊಬ್ಬರ ದೋಷವನ್ನು ಬೀದಿಗೆಳೆಯದಿರುವುದು. ಸ್ಥಿತಿಕರಣ ಎಂದರೆ ಜಾರಿದವರನ್ನು ಮತ್ತೆ ದಾರಿಯಲ್ಲಿ ನಿಲ್ಲಿಸುವುದು. ಇವೆರಡೂ ಜೊತೆಗಿರಬೇಕು. ತಿದ್ದದೆ ಕೇವಲ ಮುಚ್ಚಿಟ್ಟರೆ ಅದು ವಂಚನೆಗೆ ಕೊಟ್ಟ ಆಸರೆ. ನಾಲ್ಕು ಜನರೆದುರು ಹಂಗಿಸಿ ತಿದ್ದಿದರೆ ಅದು ಹಿಂಸೆ. ಏಕಾಂತದಲ್ಲಿ ಕರೆದು, ತಪ್ಪನ್ನು ತಪ್ಪೆಂದೇ ತಿಳಿಸಿ, ಸರಿಪಡಿಸಲು ಜೊತೆಗೆ ನಿಲ್ಲುವುದೇ ವಾತ್ಸಲ್ಯ. ಹಾಗೆ ತಿದ್ದಿಸಿಕೊಂಡವನು ಮುಂದಿನ ತಪ್ಪನ್ನು ಅಡಗಿಸಲಾರ. ತಾನೇ ಬಂದು ಹೇಳುತ್ತಾನೆ.

ಜೀವಿಗಳು ಪರಸ್ಪರ ಉಪಕಾರಿಗಳಾಗಿ ಬಾಳುವುದು ಜೀವದ ಸ್ವಭಾವವೆಂಬುದು ತತ್ತ್ವಾರ್ಥಸೂತ್ರದ ಆಶಯ. ದಿನದ ಹೆಚ್ಚು ಹೊತ್ತನ್ನು ನಾವು ಕಳೆಯುವುದು ಸಹೋದ್ಯೋಗಿಗಳ ನಡುವೆ. ಬಸದಿಯಲ್ಲಿ ಕೈಮುಗಿದು ಕಲಿತ ವಿನಯ ಕಚೇರಿಯ ಬಾಗಿಲಲ್ಲಿ ಕಳಚಿಬೀಳಬಾರದು. ನಾಳಿನ ಸಭೆಯಲ್ಲಿ ಕಿರಿಯರೊಬ್ಬರು ಅಳುಕುತ್ತಾ ಪ್ರಶ್ನೆಯೊಂದನ್ನು ಕೇಳಿದರೆ, ಅವರು ತಪಸ್ಸೊಂದನ್ನು ಆಚರಿಸುತ್ತಿದ್ದಾರೆಂದು ತಿಳಿಯೋಣ. ಅವರ ಮಾತೇ ಸರಿಯೆಂದು ಕಂಡರೆ ‘ತಪ್ಪು ನನ್ನದು’ ಎಂದು ಒಪ್ಪಿಕೊಳ್ಳೋಣ. ಅದು ನಮ್ಮ ಪಾಲಿನ ತಪಸ್ಸು.