ಒಂದು ಚಕ್ರ ಗರಗರ, ಇನ್ನೊಂದು ಗಪ್‌ಚಿಪ್

ಜುಲೈ ತಿಂಗಳ ಮಲೆನಾಡು. ಕೊಪ್ಪದಿಂದ ಜಯಪುರದ ಕಡೆಗೆ ಹೋಗುವ ಡಾಂಬರು ರಸ್ತೆಯಿಂದ ಕವಲೊಡೆದು ತೋಟದ ಮನೆಗೆ ಏರುವ ಕೆಮ್ಮಣ್ಣಿನ ದಾರಿ. ಒಂದು ಮಗ್ಗುಲಲ್ಲಿ ಧರೆ, ಇನ್ನೊಂದು ಮಗ್ಗುಲಲ್ಲಿ ಅಡಿಕೆ ತೋಟ. ಹಿಂದೆ ಆರೇಳು ಜನ ಕುಳಿತ ಜೀಪು ಏರಿನ ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಚಾಲಕ ಆಕ್ಸಿಲರೇಟರ್ ಒತ್ತಿದಷ್ಟೂ ಎಡಗಡೆಯ ಹಿಂಚಕ್ರ ಗರಗರನೆ ಸುತ್ತಿ ಕೆಸರು ಎರಚುತ್ತದೆ. ಬಲಗಡೆಯದು ಗಟ್ಟಿ ಜಂಬಿಟ್ಟಿಗೆಯ ಮೇಲೆ ಆರಾಮವಾಗಿ ಕುಳಿತಿದ್ದರೂ ಒಂದಿಂಚು ಅಲುಗುವುದಿಲ್ಲ.

“ಅಪ್ಪಯ್ಯ, ಗಟ್ಟಿ ನೆಲದ ಮೇಲಿರೋ ಚಕ್ರ ಯಾಕೆ ತಿರುಗ್ತಾ ಇಲ್ಲ?” ಎಂದು ಹೈಸ್ಕೂಲಿಗೆ ಹೋಗುವ ಹುಡುಗ ಕೇಳುತ್ತಾನೆ.

“ಎಂಜಿನ್ನಿಗೆ ದಮ್ಮಿಲ್ಲ ಮಾರಾಯ, ಹಳೇ ಗಾಡಿ” ಎಂದು ಅಪ್ಪಯ್ಯ ಹೇಳುತ್ತಾರೆ.

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಮಳೆಗಾಲ ಕಳೆದವರಿಗೆ ಈ ದೃಶ್ಯ ಹೊಸದಲ್ಲ. ಹುಡುಗನ ಪ್ರಶ್ನೆ ಬಲು ಒಳ್ಳೆಯದು. ಅಪ್ಪಯ್ಯನ ಉತ್ತರ ಮಾತ್ರ ತಪ್ಪು. ಎಂಜಿನ್ನಿನ ಶಕ್ತಿಯನ್ನು ಎರಡು ಪಟ್ಟು ಹೆಚ್ಚಿಸಿದರೂ ಎಡಚಕ್ರ ಇನ್ನಷ್ಟು ಜೋರಾಗಿ ಸುತ್ತುತ್ತದೆಯೇ ಹೊರತು ಬಲಚಕ್ರ ಅಲುಗದು. ಕಾರಣ ಎಂಜಿನ್ನಿನಲ್ಲಿಲ್ಲ, ಎರಡು ಹಿಂಚಕ್ರಗಳ ನಡುವೆ ಗಡಿಗೆಯಂತೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಎಂಬ ಪೆಟ್ಟಿಗೆಯಲ್ಲಿದೆ. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳಲ್ಲಿ ಓಡಾಡಿದವರು ಬಸ್ಸಿನ ಹಿಂದೆ ನಿಂತು ಬಗ್ಗಿ ನೋಡಿದ್ದರೆ ಆ ಗಡಿಗೆಯ ಪರಿಚಯ ಇರುತ್ತದೆ. (ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಆ ಸಂಸ್ಥೆಯ ಬಸ್ಸುಗಳು 2020ರಲ್ಲಿ ಓಡಾಟ ನಿಲ್ಲಿಸಿದವು. ಅದು ಬೇರೆಯೇ ಕಥೆ.)

ಇಂಥ ತೊಂದರೆ ಕೊಡುವ ಪೆಟ್ಟಿಗೆಯನ್ನು ಇಟ್ಟಿರುವುದಾದರೂ ಏಕೆ? ಇಬ್ಬರು ಮಕ್ಕಳು ಒಂದು ಬಿದಿರು ಗಳದ ಎರಡು ತುದಿ ಹಿಡಿದು ಶಾಲೆಯ ಬಯಲಿನಲ್ಲಿ ನಡೆಯಲಿ. ನೇರವಾಗಿ ಹೋಗುವಾಗ ಇಬ್ಬರ ಹೆಜ್ಜೆಯೂ ಸಮ. ತಿರುಗುವಾಗ ಹೊರಗಿನವನು ಓಡಬೇಕು, ಒಳಗಿನವನು ನಿಧಾನಿಸಬೇಕು. ಗಾಡಿಯ ಚಕ್ರಗಳಿಗೂ ಇದೇ ಕಟ್ಟುಪಾಡು. ಎಡ-ಬಲ ಚಕ್ರಗಳ ಅಂತರ 1.4 ಮೀಟರ್ ಎಂದಿಟ್ಟುಕೊಳ್ಳಿ. ಪೂರ್ತಿ ಹಿಂದಕ್ಕೆ ತಿರುಗುವ ಒಂದು ತಿರುವಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ 3.14 × 1.4, ಅಂದರೆ ಸುಮಾರು 4.4 ಮೀಟರ್ ಹೆಚ್ಚು ಓಡಬೇಕು. ತಿರುವು ಅಗಲವಾಗಿರಲಿ, ಇಕ್ಕಟ್ಟಾಗಿರಲಿ, ಈ 4.4 ಮೀಟರ್ ಬದಲಾಗುವುದಿಲ್ಲ. ಏಕೆಂಬುದನ್ನು ವೃತ್ತದ ಪರಿಧಿಯ ಸೂತ್ರ ಕಲಿತವರು ತಾವೇ ಲೆಕ್ಕ ಹಾಕಿ ನೋಡಬಹುದು. ಶೃಂಗೇರಿಯಿಂದ ಆಗುಂಬೆ ಘಟ್ಟ ಇಳಿಯುವಾಗ ತಿರುವುಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುವುದರಿಂದ ಒಟ್ಟು ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಆದರೆ ಆಯಾ ತಿರುವಿನ ವ್ಯತ್ಯಾಸವನ್ನು ಅಲ್ಲಲ್ಲೇ ತೀರಿಸಬೇಕಲ್ಲ! ಎರಡು ಚಕ್ರಗಳನ್ನೂ ಒಂದೇ ಸಲಾಕೆಗೆ ಬಿಗಿದಿದ್ದರೆ ಯಾವುದಾದರೊಂದು ಚಕ್ರ ನೆಲವನ್ನು ಉಜ್ಜಿಕೊಂಡೇ ಹೋಗಬೇಕಾಗುತ್ತಿತ್ತು.

ರೈಲಿನ ಚಕ್ರಗಳನ್ನು ಹಾಗೆಯೇ ಬಿಗಿದಿರುತ್ತಾರೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಕಿರಿದಾದ ಹಳಿಗಳ ಟ್ರಾಮ್ ರೈಲೊಂದು ಓಡುತ್ತಿತ್ತು. ಸಾಮಾನ್ಯವಾಗಿ ರೈಲುಗಾಡಿಗಳಲ್ಲಿ ಡಿಫರೆನ್ಷಿಯಲ್ ಇರುವುದಿಲ್ಲ. ಚಕ್ರದ ಅಂಚು ಸಪಾಟಾಗಿರದೆ ಒಂದಿಷ್ಟು ಇಳಿಜಾರಾಗಿರುತ್ತದೆ. ತಿರುವಿನಲ್ಲಿ ಗಾಡಿ ಹೊರಕ್ಕೆ ಸರಿದಾಗ ಹೊರಚಕ್ರ ತನ್ನ ದಪ್ಪ ಭಾಗದ ಮೇಲೂ ಒಳಚಕ್ರ ಸಣ್ಣ ಭಾಗದ ಮೇಲೂ ಉರುಳುತ್ತವೆ. ಹಳಿ ಇರುವವರಿಗೆ ಅದು ಸಾಕು. ಹಳಿ ಇಲ್ಲದ ರಸ್ತೆಗೆ ಬೇರೆ ಉಪಾಯ ಬೇಕಾಯಿತು. ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬಾತ 1827ರ ಸುಮಾರಿಗೆ ತನ್ನ ಉಗಿಬಂಡಿಗಾಗಿ ಅದನ್ನು ರೂಪಿಸಿದ.

ಆ ಉಪಾಯ ಸರಳ. ಎಂಜಿನ್ನಿನಿಂದ ಬರುವ ದಂಡ ಪಿನಿಯನ್ ಮೂಲಕ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಕ್ರೌನ್ ಚಕ್ರಕ್ಕೆ ಬಿಗಿದ ಗೂಡಿನೊಳಗೆ ಒಂದು ಗೂಟ, ಗೂಟದ ಮೇಲೆ ಸಲೀಸಾಗಿ ತಿರುಗುವ ಪುಟ್ಟ ಗಿಯರುಗಳು. ಅವುಗಳ ಎರಡು ಪಕ್ಕದಲ್ಲಿ ಎಡಚಕ್ರದ ಗಿಯರು, ಬಲಚಕ್ರದ ಗಿಯರು. ಪುಟ್ಟ ಗಿಯರನ್ನು ಎತ್ತಿನ ಜೋಡಿಯ ನೊಗದಂತೆ ಕಲ್ಪಿಸಿಕೊಳ್ಳಿ. ಗಾಡಿಯ ಮೂಕಿಗೆ ನಟ್ಟನಡುವೆ ಒಂದೇ ಗೂಟದಲ್ಲಿ ಸಡಿಲವಾಗಿ ಸಿಕ್ಕಿಸಿದ ನೊಗ. ಒಂದು ಎತ್ತು ಸ್ವಲ್ಪ ಮುಂದೆ ಹೋದರೆ ಇನ್ನೊಂದು ಹಿಂದೆ ಉಳಿಯಬಹುದು, ನೊಗ ಓರೆಯಾಗುತ್ತದೆ, ಅಷ್ಟೆ. ಆದರೆ ಹೀಗೆ ನಡುವೆ ತಿರುಗುವ ನೊಗಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಎರಡು ತುದಿಗಳಲ್ಲಿ ಬೀಳುವ ಬಲ ಯಾವಾಗಲೂ ಸಮ. ಒಂದು ಎತ್ತು ಜೋಲುಬಿಟ್ಟರೆ ಇನ್ನೊಂದು ಎಷ್ಟೇ ಬಲಶಾಲಿಯಾದರೂ ಅದರ ಎಳೆತ ಗಾಡಿಗೆ ತಲುಪುವುದಿಲ್ಲ. ನೊಗ ಸುಮ್ಮನೆ ತಿರುಗಿಕೊಳ್ಳುತ್ತದೆ.

ಜೀಪಿನ ಏರಿನಲ್ಲಿ ಆದದ್ದು ಇದೇ. ಲೆಕ್ಕ ಮಾಡೋಣ. ಜನ ಸೇರಿ ಜೀಪಿನ ತೂಕ 1,800 ಕಿಲೋ, ಅದರಲ್ಲಿ ಹಿಂಚಕ್ರ ಒಂದೊಂದರ ಮೇಲೆ 500 ಕಿಲೋ ಎನ್ನಿ. ಹನ್ನೆರಡು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಅದನ್ನು ಹತ್ತಿಸಲು 150 ಕಿಲೋ, ಚಕ್ರ ಉರುಳುವ ತಡೆಗೆ ಇನ್ನೊಂದು 30 ಕಿಲೋ, ಒಟ್ಟು 180 ಕಿಲೋ ಭಾರದಷ್ಟು ತಳ್ಳುಬಲ ಬೇಕು. (ಪರೀಕ್ಷೆಯಲ್ಲಿ ಬಲವನ್ನು ನ್ಯೂಟನ್‌ನಲ್ಲಿಯೇ ಬರೆಯಿರಿ, ಅಂಕ ಕಳೆದುಕೊಳ್ಳಬೇಡಿ.) ಎಡಚಕ್ರದ ಅಡಿಯ ಲೋಳೆಗೆಸರಿನಲ್ಲಿ ಘರ್ಷಣಾಂಕ 0.1 ಎಂದರೆ ಅದು ಕೊಡಬಲ್ಲ ಹಿಡಿತ 50 ಕಿಲೋ. ಬಲಚಕ್ರದ ಅಡಿಯ ಗಟ್ಟಿ ನೆಲದಲ್ಲಿ 0.6 ಎಂದರೆ ಅದು 300 ಕಿಲೋ ತಡೆದುಕೊಳ್ಳಬಲ್ಲದು. ಆದರೆ ನೊಗದ ನಿಯಮದಂತೆ ಎಡಕ್ಕೆ ಸಿಕ್ಕ 50 ಕಿಲೋ ಮಾತ್ರವೇ ಬಲಕ್ಕೂ ಸಿಗುತ್ತದೆ. ಒಟ್ಟು 100. ಬೇಕಾದದ್ದು 180. ಜೀಪು ನಿಂತಿತು. 300 ಕಿಲೋ ಹಿಡಿತವಿರುವ ಚಕ್ರ ತನ್ನ ಶಕ್ತಿಯ ಆರನೇ ಒಂದು ಪಾಲನ್ನಷ್ಟೇ ಬಳಸಿ ಸುಮ್ಮನೆ ಕುಳಿತಿದೆ.

ಆಗ ಚಾಲಕ ಸಿಟ್ಟಿನಿಂದ ಆಕ್ಸಿಲರೇಟರ್ ಒತ್ತುವುದು ಇನ್ನೂ ಕೆಟ್ಟದ್ದು. ಒಂದು ಚಕ್ರ ನಿಂತಿರುವಾಗ ಇನ್ನೊಂದು, ಕ್ರೌನ್ ಚಕ್ರದ ಇಮ್ಮಡಿ ವೇಗದಲ್ಲಿ ತಿರುಗುತ್ತದೆ. ಸ್ಪೀಡೋಮೀಟರು 20 ತೋರಿಸುತ್ತಿದ್ದರೆ ಕೆಸರಿನ ಚಕ್ರ 40ರಲ್ಲಿದೆ! ತಿರುವಿನಲ್ಲಷ್ಟೇ ಮೆಲ್ಲಗೆ ಹೊರಳಬೇಕಾದ ಪುಟ್ಟ ಗಿಯರುಗಳು ಗೂಟದ ಮೇಲೆ ಹುಚ್ಚಾಪಟ್ಟೆ ಸುತ್ತಿ, ಕಾದು, ಕಚ್ಚಿಕೊಳ್ಳುವುದೂ ಉಂಟು.

ಈ ನಿಯಮವನ್ನು ಅರ್ಧದಷ್ಟು ಮುರಿಯುವ ಸಾಧನವೇ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಕನ್ನಡದಲ್ಲಿ ‘ಜಾರುಮಿತಿಯ ಡಿಫರೆನ್ಷಿಯಲ್’ ಎನ್ನಬಹುದೇನೋ. 1930ರ ದಶಕದಲ್ಲಿ ಜರ್ಮನಿಯ ಆಟೋ ಯೂನಿಯನ್ ರೇಸ್ ಕಾರುಗಳ ಹಿಂಚಕ್ರಗಳಲ್ಲಿ ಒಂದು ಹೀಗೆಯೇ ಸುಮ್ಮನೆ ಸುತ್ತಿ ಟೈರು ಸುಡುತ್ತಿದ್ದಾಗ, ಅವುಗಳ ವಿನ್ಯಾಸಕ ಫರ್ಡಿನಾಂಡ್ ಪೋರ್ಷೆಯ ಬೇಡಿಕೆಯಂತೆ ಜೆಡ್‌ಎಫ್ ಕಂಪೆನಿ ಅಂಥದೊಂದನ್ನು ತಯಾರಿಸಿತು. ರೇಸಿಗಾಗಿ ಹುಟ್ಟಿದ್ದು ಕೆಸರಿಗೂ ಒದಗಿತು.

ಇದರಲ್ಲಿ ಹಲವು ಬಗೆ. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಪಕ್ಕದ ಗಿಯರಿಗೂ ಗೂಡಿಗೂ ನಡುವೆ ಕ್ಲಚ್ಚಿನಂಥ ತೆಳು ಬಿಲ್ಲೆಗಳ ಅಡಕ ಇರುತ್ತದೆ. ಒಂದು ಬಿಲ್ಲೆ ಗೂಡಿನ ಜೊತೆ, ಮುಂದಿನದು ಗಿಯರಿನ ಜೊತೆ, ಹೀಗೆ ಒಂದು ಬಿಟ್ಟು ಒಂದು. ಸ್ಪ್ರಿಂಗು ಅವನ್ನು ಒತ್ತಿ ಹಿಡಿದಿರುತ್ತದೆ. ಎಂಜಿನ್ನಿನ ಒತ್ತಡ ಏರಿದಂತೆ ಒತ್ತುವಿಕೆಯೂ ಏರುತ್ತದೆ. ಒಂದು ಚಕ್ರ ಓಡಿಹೋಗಲು ನೋಡಿದರೆ ಬಿಲ್ಲೆಗಳ ಘರ್ಷಣೆ ಅದನ್ನು ತಡೆದು, ಆ ಬಲವನ್ನು ನಿಧಾನವಾಗಿರುವ ಚಕ್ರಕ್ಕೆ ದಾಟಿಸುತ್ತದೆ. ತಿರುವಿನ ಸಣ್ಣ ವ್ಯತ್ಯಾಸಕ್ಕೆ ಬಿಲ್ಲೆಗಳು ಜಾರಿಕೊಂಡು ಅವಕಾಶ ಕೊಡುತ್ತವೆ. ಒಂದಕ್ಕೆ ಮೂರರಷ್ಟು ಬಲ ದಾಟಿಸುವಂಥದ್ದು ನಮ್ಮ ಜೀಪಿನಲ್ಲಿದ್ದರೆ? ಎಡಕ್ಕೆ 50, ಬಲಕ್ಕೆ 150, ಒಟ್ಟು 200. ಏರು ಹತ್ತಿಯೇ ಹತ್ತುತ್ತದೆ. ಇನ್ನೊಂದು ಬಗೆ ಬರಿಯ ಓರೆಹಲ್ಲಿನ ಗಿಯರುಗಳದು. ಅದು ನಯವಾಗಿ ಕೆಲಸ ಮಾಡುತ್ತದೆ, ಆದರೆ ಒಂದು ಚಕ್ರ ಪೂರ್ತಿ ಗಾಳಿಯಲ್ಲಿ ತೇಲಿದರೆ ಕೈಕೊಡುತ್ತದೆ. ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ ಅಲ್ಲವೆ?

ಹಿಂಚಕ್ರ ಚಾಲನೆಯ ಕಾರಿಗೆ ಇದನ್ನು ಕೂಡಿಸುವ ಕೆಲಸ ಕೇಳಿದಷ್ಟು ಹಗುರವಲ್ಲ. ಎಣ್ಣೆ ಇಳಿಸಿ, ಎರಡು ಪಕ್ಕದ ಆಕ್ಸಲುಗಳನ್ನು ಎಳೆದು, ಪ್ರೊಪೆಲ್ಲರ್ ದಂಡ ಬಿಚ್ಚಿ, ಗೂಡನ್ನು ಹೊರತೆಗೆಯಬೇಕು. ಹಳೆಯ ಗೂಡಿನಿಂದ ಕ್ರೌನ್ ಚಕ್ರವನ್ನು ಕಳಚಿ ಹೊಸದಕ್ಕೆ ಬಿಗಿಯಬೇಕು. ಇಲ್ಲಿಂದ ಮುಂದೆ ಕಣ್ಣಂದಾಜು ನಡೆಯದು. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಡಿಲ ಆಯಾ ವಾಹನಕ್ಕೆ ಹೇಳಿದಷ್ಟೇ, ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟೇ, ಇರಬೇಕು. ಅದನ್ನು ಡಯಲ್ ಗೇಜಿನಿಂದ ಅಳೆಯುತ್ತಾರೆ. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಎಲ್ಲಿ ತಾಗಿದೆ ಎಂಬ ಗುರುತು ನೋಡುತ್ತಾರೆ. ಗುರುತು ಹಲ್ಲಿನ ನಡುಭಾಗಕ್ಕೆ ಬರುವವರೆಗೆ ಕೂದಲೆಳೆಯಷ್ಟು ತೆಳುವಾದ ತಗಡುಬಿಲ್ಲೆಗಳನ್ನು ಸೇರಿಸುವುದು, ತೆಗೆಯುವುದು, ಮತ್ತೆ ಬಿಚ್ಚುವುದು. ಒಳ್ಳೆಯ ಮೆಕ್ಯಾನಿಕ್ಕಿನ ತಾಳ್ಮೆ ಗೊತ್ತಾಗುವುದೇ ಇಲ್ಲಿ. ಈ ಹಂತದಲ್ಲಿ ಅವಸರ ಮಾಡಿದ ಗಾಡಿ ಐವತ್ತು ಕಿಲೋಮೀಟರ್ ವೇಗಕ್ಕೆ ಬರುವಷ್ಟರಲ್ಲಿ ಕೂಗತೊಡಗುತ್ತದೆ. ಬಿಲ್ಲೆಯ ಬಗೆಯದಾದರೆ ಅದಕ್ಕೆಂದೇ ಇರುವ ಎಣ್ಣೆ ಬೇಕು. ಮಾಮೂಲಿ ಎಣ್ಣೆ ಹಾಕಿದರೆ ತಿರುವಿನಲ್ಲಿ ಬಿಲ್ಲೆಗಳು ಹಿಡಿದು ಬಿಟ್ಟು ಕಟಕಟ ಎನ್ನುತ್ತವೆ. ಕೊನೆಗೆ ಖಾಲಿ ಬಯಲಿನಲ್ಲಿ ಎಂಟರ ಆಕಾರದಲ್ಲಿ ನಿಧಾನವಾಗಿ ಹಲವು ಸುತ್ತು ಓಡಿಸಿ ಬಿಲ್ಲೆಗಳನ್ನು ಪಳಗಿಸುವುದೂ ಉಂಟು.

ಒಳಗಿರುವುದು ಯಾವ ಬಗೆ ಎಂದು ತಿಳಿಯಲು ಗ್ಯಾರೇಜಿನಲ್ಲಿ ಒಂದು ಚಂದದ ಪರೀಕ್ಷೆ ಮಾಡುತ್ತಾರೆ. ಎಂಜಿನ್ ನಿಲ್ಲಿಸಿ, ಗಾಡಿಯನ್ನು ಗಿಯರಿನಲ್ಲಿಟ್ಟು, ಮುಂಚಕ್ರಗಳಿಗೆ ಅಡ್ಡ ಕೊಟ್ಟು, ಎರಡು ಹಿಂಚಕ್ರಗಳನ್ನೂ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸುತ್ತಾರೆ. ಒಂದು ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರೆ ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಇನ್ನೊಂದು ಹಿಂದಕ್ಕೆ ತಿರುಗುತ್ತದೆ. ಬಿಲ್ಲೆಯದ್ದಾದರೆ ಚಕ್ರ ಸುಲಭಕ್ಕೆ ತಿರುಗುವುದೇ ಇಲ್ಲ. ವಿದ್ಯಾರ್ಥಿಗಳು ಇದನ್ನು ಮನೆಯಂಗಳದಲ್ಲಿ ಜಾಕಿ ಕೊಟ್ಟು ಮಾಡಹೋಗಬಾರದು, ಮೆಕ್ಯಾನಿಕ್ಕಿನ ಎದುರಿನಲ್ಲೇ ನೋಡಬೇಕು. ಜಾಕಿ ಜಾರಿದರೆ ಅದಕ್ಕೆ ಮಿತಿ ಹಾಕುವ ಡಿಫರೆನ್ಷಿಯಲ್ ಇಲ್ಲ.

ಹಾಗಾದರೆ ಮಲೆನಾಡಿನ ಎಲ್ಲ ಗಾಡಿಗಳಿಗೂ ಇದನ್ನು ಕೂಡಿಸಿಬಿಡಬಹುದಲ್ಲ? ಇಲ್ಲೊಂದು ತೊಡಕಿದೆ. ಪಾಲಕರು, ಅದರಲ್ಲೂ ಹೊಸದಾಗಿ ಲೈಸೆನ್ಸ್ ಪಡೆದ ಮಗನ ಕೈಗೆ ಗಾಡಿಯ ಕೀಲಿಕೈ ಕೊಡುವವರು, ಗಮನಿಸಬೇಕಾದದ್ದು ಇದು. ಸುತ್ತುತ್ತಿರುವ ಚಕ್ರಕ್ಕೆ ಪಕ್ಕಕ್ಕೆ ಜಾರದಂತೆ ಹಿಡಿಯುವ ಶಕ್ತಿ ಬಹುಮಟ್ಟಿಗೆ ಇರುವುದಿಲ್ಲ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಸುತ್ತಿದರೂ ಸುಮ್ಮನಿರುವ ಇನ್ನೊಂದು ಗಾಡಿಯ ಹಿಂಭಾಗವನ್ನು ರಸ್ತೆಯ ಮೇಲೆ ಹಿಡಿದಿಟ್ಟಿರುತ್ತದೆ. ಜಾರುಮಿತಿಯದ್ದರಲ್ಲಿ, ಪಾಚಿಗಟ್ಟಿದ ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಜಾಸ್ತಿ ಒತ್ತಿದರೆ ಎರಡೂ ಚಕ್ರಗಳು ಒಟ್ಟಿಗೇ ಹಿಡಿತ ಬಿಡಬಹುದು. ಬಾಲ ಹೊರಕ್ಕೆ ಬೀಸುತ್ತದೆ. ರೇಸಿನವರಿಗೆ ಅದು ಆಟ. ಹರಿಹರಪುರದ ಕಡೆಯ ತಿರುವಿನಲ್ಲಿ, ಎದುರಿನಿಂದ ಬಸ್ಸು ಬರುವಾಗ, ಅದು ಆಟವಲ್ಲ. ಕೆಸರಿನಲ್ಲಿ ಸಿಕ್ಕಿಬಿದ್ದ ಗಾಡಿಯಿಂದ ಸಮಯ ಹಾಳಾಗುತ್ತದೆ. ತಿರುವಿನಲ್ಲಿ ಬಾಲ ಬೀಸಿದ ಗಾಡಿಯಿಂದ ಜೀವವೇ ಹೋಗಬಹುದು. ಸವೆದ ಟೈರು ಬದಲಿಸದೆ ಡಿಫರೆನ್ಷಿಯಲ್‌ಗೆ ಹಣ ಸುರಿಯುವುದಂತೂ ತಲೆಕೆಳಗಿನ ಲೆಕ್ಕ. ತಯಾರಕರು ಕೊಟ್ಟದ್ದಕ್ಕಿಂತ ಬೇರೆಯದನ್ನು ಕೂಡಿಸುವ ಮೊದಲು ಸಾರಿಗೆ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸುವುದು ಒಳ್ಳೆಯದು.

ಕಂಪೆನಿಗಳು ಈ ತೊಂದರೆಯನ್ನು ಬೇರೆ ಬೇರೆ ಬಗೆಯಲ್ಲಿ ನಿವಾರಿಸಿವೆ. 2021ರಲ್ಲಿ ಮಾರುಕಟ್ಟೆಗೆ ಬಂದ ಹಿಂಚಕ್ರ ಚಾಲನೆಯ ಬೊಲೆರೊ ನಿಯೊದ ಒಂದು ಮಾದರಿಯಲ್ಲಿ ಮಹೀಂದ್ರದವರು ತಾನಾಗಿಯೇ ಬೀಗ ಬೀಳುವ ಡಿಫರೆನ್ಷಿಯಲ್ ಕೊಟ್ಟರು. ಒಂದು ಚಕ್ರ ಇನ್ನೊಂದಕ್ಕಿಂತ ಮಿತಿಮೀರಿ ಸುತ್ತಿದಾಗ ಮಾತ್ರ ಎರಡನ್ನೂ ಒಂದಾಗಿ ಬಿಗಿಯುವಂಥದ್ದು ಅದು. ಗದ್ದೆಗೆ ಇಳಿಯುವ ಟ್ರ್ಯಾಕ್ಟರಿನ ಉಪಾಯ ಇನ್ನೂ ಹಳೆಯದು: ಎಡ-ಬಲ ಹಿಂಚಕ್ರಗಳಿಗೆ ಬೇರೆ ಬೇರೆ ಬ್ರೇಕಿನ ಪೆಡಲು. ಸುತ್ತುವ ಚಕ್ರದ ಬ್ರೇಕನ್ನಷ್ಟೇ ಒತ್ತಿದರೆ ನೊಗದ ಆ ತುದಿಗೆ ತಡೆ ಸಿಕ್ಕಿ, ಈ ತುದಿಗೂ ಬಲ ಬರುತ್ತದೆ. ಈಗಿನ ಹಲವು ಕಾರುಗಳಲ್ಲಿ ಕಂಪ್ಯೂಟರು ಮಾಡುವುದೂ ಇದನ್ನೇ.

ಏರಿನ ಅರ್ಧದಲ್ಲಿ ನಿಂತ ಜೀಪಿಗೆ ಇದಾವುದೂ ಇಲ್ಲ. ಹಿಂದೆ ಕುಳಿತವರೊಬ್ಬರು ಎಡಚಕ್ರದ ಮೇಲ್ಭಾಗಕ್ಕೆ ಭಾರ ಬಿಟ್ಟು ನಿಲ್ಲುತ್ತಾರೆ. 60 ಕಿಲೋ ತೂಕದವರು ನಿಂತರೆ ಕೆಸರಿನಲ್ಲಿ ಹಿಡಿತ ಹೆಚ್ಚುವುದು 6 ಕಿಲೋ. ನೊಗದ ನಿಯಮದಿಂದ ಬಲಕ್ಕೂ ಅಷ್ಟೇ ಸಿಕ್ಕಿ, ಒಟ್ಟು 112. ಸಾಲದು. ಹುಡುಗ ಸೀಟಿನಡಿಯಿಂದ ಗೋಣಿಚೀಲ ತೆಗೆಯುತ್ತಾನೆ. ಚಾಲಕ ಎಂಜಿನ್ ನಿಲ್ಲಿಸಿದ ಮೇಲೆ ಅದನ್ನು ಎಡಚಕ್ರದ ಮುಂದೆ ಒತ್ತಿ ತುರುಕಿ, ಎಲ್ಲರೂ ಪಕ್ಕಕ್ಕೆ ಸರಿಯುತ್ತಾರೆ. ಗೋಣಿಯಿಂದ ಘರ್ಷಣಾಂಕ 0.3ಕ್ಕೆ ಏರಿದರೂ ಎಡಕ್ಕೆ 150, ಬಲಕ್ಕೆ 150, ಒಟ್ಟು 300. ಚಾಲಕ ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾನೆ. ಎಡಚಕ್ರ ಗೋಣಿಯನ್ನು ಕಚ್ಚುತ್ತದೆ, ಅದೇ ಕ್ಷಣ ಬಲಚಕ್ರವೂ ಹೊರಳುತ್ತದೆ, ಜೀಪು ಗುರುಗುಟ್ಟುತ್ತಾ ಮೇಲೇರುತ್ತದೆ. ಹುಡುಗ ಕೆಸರಿಗೆ ಇಳಿದು ಗೋಣಿಚೀಲವನ್ನು ಹೆಕ್ಕಿಕೊಂಡು ಹಿಂದೆಯೇ ಓಡುತ್ತಾನೆ. ಮನೆ ಸಿಗುವ ಮೊದಲು ಇನ್ನೊಂದು ಏರು ಬಾಕಿ ಇದೆ.