ಮೂರನೆಯದು ಅಂದರೆ ಯಾವುದು?

ಹಬ್ಬಕ್ಕೆಂದು ನಲ್ಲೂರಿಗೆ ಹೋಗಿದ್ದೆ. ರಾತ್ರಿ ಹನ್ನೊಂದರ ಹೊತ್ತಿಗೆ ಬೆಂಗಳೂರಿನಿಂದ ಫೋನ್. ನಾವು ನೋಡಿಕೊಳ್ಳುವ ಒಂದು ಯುನಿಕ್ಸ್ ಸರ್ವರಿನ ಡಿಸ್ಕ್ ಪೆಟ್ಟಿಗೆಯಲ್ಲಿ ಒಂದು ಡಿಸ್ಕ್ ಕೈಕೊಟ್ಟಿತ್ತು. ಡ್ಯೂಟಿಯಲ್ಲಿದ್ದ ಹುಡುಗ ಹೊಸಬ.

“ಮೇಡಂ, ಡಿಸ್ಕ್ ಮೂರು ಅಂತ ತೋರಿಸ್ತಿದೆ. ಹೊಸದು ರೆಡಿ ಇದೆ. ಹಳೇದನ್ನ ಎಳೆದುಬಿಡ್ಲಾ?”

“ಮುಟ್ಟಬೇಡ. ಮೊದಲು ಸೀರಿಯಲ್ ನಂಬರ್ ಹುಡುಕು” ಅಂದೆ. ಜಗುಲಿಯಲ್ಲಿ ಮಲಗಿದ್ದ ಅಪ್ಪಾಜಿ ತಲೆ ಎತ್ತಿ ನೋಡಿದರು.

ನನ್ನ ಗಾಬರಿಗೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಫೋನಿನಲ್ಲಿ “ಮೂರನೆಯದು” ಅಂದಿದ್ದೆ. ಯಂತ್ರ ಎಣಿಸೋದು ಸೊನ್ನೆಯಿಂದ. ಅದರ ಲೆಕ್ಕದ ಮೂರು ನಮ್ಮ ಲೆಕ್ಕದ ನಾಲ್ಕು. ಆ ಕಡೆ ಇದ್ದವರು ಎಡದಿಂದ ಒಂದು, ಎರಡು, ಮೂರು ಎಂದು ಎಣಿಸಿ, ಚೆನ್ನಾಗಿದ್ದ ಡಿಸ್ಕನ್ನೇ ಎಳೆದರು. ಮತ್ತೆ ತುರುಕಿದರೂ ಏಳಲಿಲ್ಲ. ಟೇಪಿನಲ್ಲಿದ್ದ ಬ್ಯಾಕಪ್‌ನಿಂದ ಎಲ್ಲ ತುಂಬಿಸೋಕೆ ಎರಡು ದಿನ. ಟೇಪಿಗೆ ಹೋಗದೇ ಉಳಿದಿದ್ದ ಒಂದು ದಿನದ ಲೆಕ್ಕವನ್ನು ಕಾಗದ ನೋಡಿಕೊಂಡು ಮತ್ತೆ ಟೈಪ್ ಮಾಡಿದರು. ಹಾಗೆ ಟೈಪ್ ಮಾಡಿದವರ ಮುಖ ಇನ್ನೂ ಕಣ್ಣ ಮುಂದಿದೆ.

ಒಂದು ಡಿಸ್ಕ್ ತಪ್ಪಿದ್ದಕ್ಕೆ ಎಲ್ಲವೂ ಯಾಕೆ ಹೋಗಬೇಕು ಅಂತ ನೀವು ಕೇಳಬಹುದು. ಈ ಪೆಟ್ಟಿಗೆಗಳಲ್ಲಿ ಹಲವು ಡಿಸ್ಕುಗಳು ಹೊರೆ ಹಂಚಿಕೊಂಡಿರುತ್ತವೆ. ಇದಕ್ಕೆ ರೈಡ್ ಅಂತ ಹೆಸರು. 1988ರಲ್ಲಿ ಅಮೆರಿಕದ ಬರ್ಕಲಿಯಲ್ಲಿ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು ಈ ಬಗೆಗಳನ್ನು ವಿಂಗಡಿಸಿ ಪ್ರಬಂಧ ಬರೆದರು. ನಮ್ಮಲ್ಲಿದ್ದದ್ದು ರೈಡ್ 5. ಅದರಲ್ಲಿ ಒಂದು ಡಿಸ್ಕ್ ಸತ್ತರೂ ಉಳಿದವು ಲೆಕ್ಕ ಹಾಕಿ ಅದರ ಪಾಲನ್ನು ತುಂಬಿಕೊಡುತ್ತವೆ. ಎರಡನೆಯದೂ ಹೋದರೆ ಮುಗೀತು. ಅಂದರೆ ಒಂದು ಕೆಟ್ಟಾಗ ತಪ್ಪಿ ಇನ್ನೊಂದನ್ನು ಎಳೆಯೋದೂ, ಎರಡು ಒಟ್ಟಿಗೆ ಸಾಯೋದೂ ಒಂದೇ.

ಸರಿಯಾದ ಡಿಸ್ಕ್ ಹುಡುಕೋದು ಯಾಕೆ ಕಷ್ಟ? ಸೊಲಾರಿಸ್ ಎಂಬ ಯುನಿಕ್ಸಿನಲ್ಲಿ ಡಿಸ್ಕಿಗೆ ‘ಸಿ1ಟಿ3ಡಿ0’ ಅಂತೇನೋ ಹೆಸರಿರುತ್ತದೆ. ಕಂಟ್ರೋಲರ್ ಒಂದು, ಟಾರ್ಗೆಟ್ ಮೂರು, ಡಿಸ್ಕ್ ಸೊನ್ನೆ ಅಂತ ಅರ್ಥ. ಅದು ಮನೆಯ ವಿಳಾಸ, ಮನುಷ್ಯನ ಹೆಸರಲ್ಲ. ಲಿನಕ್ಸಿನ ‘ಎಸ್‌ಡಿಎ’, ‘ಎಸ್‌ಡಿಬಿ’ಗಳಂತೂ ಯಂತ್ರ ಮತ್ತೆ ಶುರುವಾದಾಗ ಅದಲುಬದಲಾಗಬಹುದು. ಬದಲಾಗದೇ ಇರೋದು ಸೀರಿಯಲ್ ನಂಬರ್ ಒಂದೇ. ಸೊಲಾರಿಸ್‌ನಲ್ಲಿ ‘ಐಒಸ್ಟ್ಯಾಟ್’, ಲಿನಕ್ಸಿನಲ್ಲಿ ‘ಸ್ಮಾರ್ಟ್‌ಸಿಟಿಎಲ್’ ಆಜ್ಞೆ ಕೊಟ್ಟರೆ ಅದು ಸಿಗುತ್ತದೆ.

ಆದರೆ ಪೆಟ್ಟಿಗೆಗೇ ಸ್ವಂತ ಕಂಟ್ರೋಲರ್ ಇದ್ದರೆ ಸರ್ವರಿಗೆ ಒಳಗಿನ ಡಿಸ್ಕುಗಳು ಕಾಣೋದೇ ಇಲ್ಲ. ಒಂದೇ ದೊಡ್ಡ ಡಿಸ್ಕ್ ಇದ್ದ ಹಾಗೆ ಕಾಣುತ್ತದೆ. ಅವಿಭಕ್ತ ಕುಟುಂಬ ಇದ್ದ ಹಾಗೆ. ಊರಿಗೆ ಅದು ಒಂದೇ ಮನೆ, ಒಳಗೆ ಎಂಟು ಜನ. ಯಾರಿಗೆ ಜ್ವರ ಬಂದಿದೆ ಅಂತ ಬೀದಿಯಲ್ಲಿ ನಿಂತು ಕೇಳಿದರೆ ತಿಳಿಯಲ್ಲ, ಮನೆಯ ಹಿರಿಯರನ್ನೇ ಕೇಳಬೇಕು. ಅಂದರೆ ಕಂಟ್ರೋಲರಿನ ಜೊತೆ ಮಾತಾಡುವ ಬೇರೆ ಸಾಫ್ಟ್‌ವೇರ್ ಬೇಕು.

ನಮ್ಮದು ಅಂಥದೇ ಪೆಟ್ಟಿಗೆ. ಹುಡುಗ ಕಂಟ್ರೋಲರನ್ನು ಕೇಳಿದಾಗ ಏಳು ಸೀರಿಯಲ್ ನಂಬರ್ ಬಂದವು. ಎಂಟನೆಯದು ಬಾಯೇ ಬಿಡಲಿಲ್ಲ. ಸತ್ತ ಡಿಸ್ಕ್ ತನ್ನ ಹೆಸರನ್ನಾದರೂ ಹೇಗೆ ಹೇಳೀತು? ಪೆಟ್ಟಿಗೆ ಬಂದ ದಿನವೇ ಎಂಟೂ ನಂಬರನ್ನು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೆವು. ಏಳನ್ನು ಹೊಡೆದುಹಾಕಿದ ಮೇಲೆ ಉಳಿದದ್ದು ಸತ್ತವನ ನಂಬರ್.

ಅದು ಯಾವ ಗೂಡಿನಲ್ಲಿದೆ ಅನ್ನೋದು ಇನ್ನೊಂದು ಪ್ರಶ್ನೆ. ಡಿಸ್ಕಿನ ಮೇಲಿನ ಚೀಟಿ ಹೊರಗೆ ಎಳೆಯದೆ ಕಾಣೋದಿಲ್ಲ. ಪ್ರತಿ ಗೂಡಿಗೂ ಗುರುತಿನ ಪುಟ್ಟ ದೀಪ ಇರುತ್ತದೆ. “ಚೆನ್ನಾಗಿರೋ ಏಳರದ್ದೂ ಮಿನುಗಿಸು” ಅಂದೆ. ಏಳು ದೀಪ ಮಿನುಗಿದವು. ಕತ್ತಲಲ್ಲಿ ಉಳಿದದ್ದು ಎಡದಿಂದ ನಾಲ್ಕನೆಯದು.

“ಮೇಡಂ, ನಾನು ಮೂರನೆಯದಕ್ಕೆ ಕೈ ಇಟ್ಟಿದ್ದೆ” ಅಂದ ಹುಡುಗ, ಸಣ್ಣ ದನಿಯಲ್ಲಿ.

ನಾಲ್ಕನೆಯದನ್ನು ಎಳೆದ. ಚೀಟಿ ಓದಿದ. ರಿಜಿಸ್ಟರಿನ ನಂಬರಿಗೆ ತಾಳೆಯಾಯಿತು. ಹೊಸ ಡಿಸ್ಕ್ ಬೆಳಗಿನವರೆಗೂ ತುಂಬಿಕೊಳ್ಳುತ್ತಾ ಇತ್ತು.

ಫೋನ್ ಇಟ್ಟ ಮೇಲೆ ಅಪ್ಪಾಜಿ, “ಅಷ್ಟು ಹೊತ್ತಿಂದ ಬರೀ ನಂಬರ್ ನಂಬರ್ ಅಂತಿದ್ದೆಯಲ್ಲವ್ವಾ, ಏನದು?” ಅಂದರು. ವಿವರಿಸಿದೆ. “ಅಷ್ಟೇನಾ? ನಾವು ಕೆರೆ ಹಿಂದಿನ ಹೊಲ ಅಂತೀವಿ. ಪಹಣಿಗೆ ಹೋದ್ರೆ ಅವರು ಕೇಳೋದು ಸರ್ವೆ ನಂಬರು. ಕೆರೆ ಹಿಂದೆ ಎಷ್ಟು ಹೊಲ ಇಲ್ಲ!” ಅಂದರು.

ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಹೋಲಿಕೆ. ನಮ್ಮ ರಾಜ್ಯದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಡಿಸ್ಕ್ ಅಂದರೆ ನಮಗೆ ಒಂದು ಲೋಹದ ಡಬ್ಬಿ. ಅದರೊಳಗೆ ಯಾರದೋ ಹೊಲ, ಯಾರದೋ ಸಂಬಳ ಇರುತ್ತದೆ.

ನಿಮ್ಮ ಮನೆಯಲ್ಲೂ ಮಕ್ಕಳ ಫೋಟೋ ತುಂಬಿದ ಎರಡು ಮೂರು ಹಾರ್ಡ್ ಡಿಸ್ಕ್ ಇದ್ದಾವು, ನೋಡೋಕೆ ಎಲ್ಲ ಒಂದೇ ಥರ. ಅವು ಚೆನ್ನಾಗಿರುವಾಗಲೇ ಬೆನ್ನ ಮೇಲಿನ ನಂಬರನ್ನು, ಯಾವುದರಲ್ಲಿ ಏನಿದೆ ಅನ್ನೋದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇನ್ನೊಂದು ಪ್ರತಿಯನ್ನು ಬೇರೆ ಕಡೆಯೂ ಇಡಿ. ಕೆಟ್ಟ ಮೇಲೆ ಕೇಳಿದರೆ ಅವು ಉತ್ತರ ಕೊಡೋದಿಲ್ಲ.